ಮೂಕರ ಪಾಲು

ಧೂಳುಗಾಳಿಯ ಕಾಲ ಮುಗಿಯುತ್ತ ಬಂದಿತ್ತು. ಆಡುಗಳು ದೊಡ್ಡಿಗೆ ಮರಳುವ ಹೊತ್ತು. ನಾನು ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದಾಗ ನನ್ನ ತಮ್ಮ ದೆಂಬಾ ಇನ್ನಿಬ್ಬರನ್ನು ಕಟ್ಟಿಕೊಂಡು, ಒಬ್ಬ ಹೆಂಗಸನ್ನು ರಟ್ಟೆ ಹಿಡಿದು ಒಳಗೆ ಕರೆತಂದ. ಅವಳ ಹಿಮ್ಮಡಿಗೆ ಕೆಂಪು ಮಣ್ಣು ಹತ್ತಿ ಒಣಗಿತ್ತು. ನಮ್ಮ ಕಡೆ ಕೆಂಪು ಮಣ್ಣಿಲ್ಲ. ಹೊಳೆಯಾಚೆಯವಳು ಎಂದು ಅದರಿಂದಲೇ ತಿಳಿಯಿತು. ನನ್ನ ಒನಕೆ ಎತ್ತಿದ ಕೈಯಲ್ಲೇ ನಿಂತಿತು. ಆಚೆಯವರನ್ನು ಅಷ್ಟು ಹತ್ತಿರದಿಂದ ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ.

"ಅಕ್ಕಾ, ಈಕಿ ನಿನ್ನ ಮನ್ಯಾಗ ಇರಲಿ. ಹೊಟ್ಟಿಗಿ ಹಾಕು. ಓಡಿ ಹೋಗದಂಗ ನೋಡ್ಕೋ," ಎಂದ ದೆಂಬಾ. ಮುಖದಲ್ಲಿ ಗೆದ್ದವನ ಕಳೆ ಇತ್ತು. ಕಣ್ಣು ಮಾತ್ರ ನನ್ನನ್ನು ನೋಡಲಿಲ್ಲ.

ನಮ್ಮೂರು ಮರಳುಗಾಡಿಗೂ ಹೊಳೆಗೂ ನಡುವೆ ಇತ್ತು. ಮರಳಿನ ಕಡೆಯಿಂದ ಒಂಟೆಗಳ ಮೇಲೆ ಉಪ್ಪಿನ ಹಲಗೆಗಳು ಬರುತ್ತಿದ್ದವು, ಒಂದೊಂದು ಬಾಗಿಲಿನಷ್ಟು ದೊಡ್ಡವು. ಅವು ಬರುವ ಊರಿನಲ್ಲಿ ಮನೆಯ ಗೋಡೆಗಳೂ ಉಪ್ಪಿನವೇ ಎಂದು ಒಂಟೆಯವರು ಹೇಳುತ್ತಿದ್ದರು. ಹೊಳೆಯಾಚೆಯಿಂದ ಚಿನ್ನ ಬರುತ್ತಿತ್ತು, ಹದ್ದಿನ ಗರಿಯ ಕೊಳವೆಯೊಳಗೆ ತುಂಬಿದ ಪುಡಿ. ಉಪ್ಪು ನಮ್ಮದಲ್ಲ, ಚಿನ್ನವೂ ನಮ್ಮದಲ್ಲ. ಎರಡರ ನಡುವೆ ಇದ್ದೇವೆ ಎಂಬುದೊಂದೇ ನಮ್ಮದು. ಅದರಿಂದಲೇ ಊರೆಲ್ಲ ಹೊಟ್ಟೆ ತುಂಬ ಉಣ್ಣುತ್ತಿತ್ತು. ಒಂಟೆಯವರು ಇಳಿದುಕೊಳ್ಳುತ್ತಿದ್ದದ್ದು ನನ್ನ ಮನೆಯಲ್ಲಿ. ಅವರಿಗೆ ಗಂಜಿ ಬೇಯಿಸಿ ನಾನು ಮುದುಕಿಯಾದೆ.

ಹೊಳೆಯ ನಮ್ಮ ದಂಡೆಯಲ್ಲಿ ಮಾತು ಹುಟ್ಟುತ್ತಿರಲಿಲ್ಲ. ಊರಿಗೂ ದಂಡೆಗೂ ನಡುವಿನ ಮುಳ್ಳುಬೇಲಿ ದಾಟಿ ಮರಳಿಗೆ ಕಾಲಿಟ್ಟರೆ ಸಾಕು, ಬಾಯಿ ಆಡುತ್ತಿತ್ತು, ದನಿ ಇರುತ್ತಿರಲಿಲ್ಲ. ನೀರು ಹರಿಯುವ ಸದ್ದೂ ಅಲ್ಲಿಲ್ಲ. ನಾಯಿಯೊಂದು ಅಲ್ಲಿ ಹೋಗಿ ಬೊಗಳಿ, ತನ್ನ ಬೊಗಳು ತನಗೇ ಕೇಳಿಸದೆ, ಬಾಲ ಮುದುರಿಕೊಂಡು ವಾಪಸು ಬರುತ್ತಿತ್ತು. ನಾವು ಹುಟ್ಟಿದಾಗಿನಿಂದ ಕಂಡದ್ದು, ಹೊಂದಿಕೊಂಡಿದ್ದೆವು. ಹಟ ಹಿಡಿದ ಕೂಸನ್ನು ತಾಯಂದಿರು ಅಲ್ಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ತನ್ನ ಅಳು ಕೇಳಿಸದಿದ್ದರೆ ಕೂಸು ಬೇಗ ಸುಮ್ಮನಾಗುತ್ತದೆ. ಅತ್ತೆಗೆ ಎದುರಾಡಲಾರದ ಸೊಸೆಯರು ಬಟ್ಟೆ ಒಗೆಯುವ ನೆಪ ಹೇಳಿ ಹೋಗಿ, ಬೈಯಬೇಕಾದದ್ದನ್ನೆಲ್ಲ ಬೈದು, ತಣ್ಣಗಾಗಿ ಬರುತ್ತಿದ್ದರು. ಗಂಡ ಸತ್ತ ವರ್ಷ ನಾನೂ ಅಲ್ಲಿಗೆ ಹೋಗಿ ಎದೆ ಬಿರಿಯುವ ಹಾಗೆ ಅತ್ತಿದ್ದೇನೆ.

ದಂಡೆಗೆ ಹೀಗೇಕಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿತ್ತು. ಆಚೆಯವರು ಮೂಕರು. ಅವರು ಓಡಾಡಿ ಓಡಾಡಿ ಅವರ ಮೂಕತನ ಕಾಲಿನಿಂದ ಮರಳಿಗೆ ಹತ್ತಿದೆ. ಅದಕ್ಕೇ ದಂಡೆಯಿಂದ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟುವ ಹಾಗಿರಲಿಲ್ಲ.

ವ್ಯಾಪಾರವೂ ಹಾಗೆಯೇ ನಡೆಯುತ್ತಿತ್ತು. ನಾವು ಉಪ್ಪಿನ ಹಲಗೆಗಳನ್ನು ಸಾಲಾಗಿ ಮರಳಲ್ಲಿಟ್ಟು, ಹಸಿಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿ, ಬೇಲಿಯ ಈಚೆ ಬಂದು ಕೂಡುತ್ತಿದ್ದೆವು. ಅವರು ಉದ್ದನೆಯ ದೋಣಿಗಳಲ್ಲಿ ಬಂದು ಒಂದೊಂದು ಹಲಗೆಯ ಪಕ್ಕ ಚಿನ್ನವಿಟ್ಟು ನಡುಹೊಳೆಗೆ ಸರಿಯುತ್ತಿದ್ದರು. ನಾವು ಹೋಗಿ ನೋಡಿ, ಒಪ್ಪಿಗೆಯಾದರೆ ಚಿನ್ನ ಎತ್ತಿಕೊಂಡು ಬರುವುದು. ಇಲ್ಲವಾದರೆ ಎರಡನ್ನೂ ಅಲ್ಲೇ ಬಿಟ್ಟು ಬರುವುದು. ಆಗ ಅವರು ಮತ್ತೆ ಬಂದು ಇನ್ನಷ್ಟು ಇಡುತ್ತಿದ್ದರು. ನಮ್ಮವರು ಮೊದಲ ಸಲ ಎಂದೂ ಎತ್ತುತ್ತಿರಲಿಲ್ಲ. ಇದಕ್ಕೆ ಕಾಯಿಸುವುದು ಎನ್ನುತ್ತಿದ್ದೆವು. ಕಾಯಿಸುವುದರಲ್ಲಿ ದೆಂಬಾನನ್ನು ಮೀರಿಸಿದವರಿಲ್ಲ. ಚಿನ್ನದ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಖ ಸಣ್ಣದು ಮಾಡಿ, ಮುಂಗೈಯಿಂದ ಕಣ್ಣೊರೆಸಿಕೊಂಡು, ಬರಿಗೈಯಲ್ಲಿ ಎದ್ದು ಬರುತ್ತಿದ್ದ. ಬೇಲಿಯ ಈಚೆ ಬಂದಕೂಡಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಆಚೆಯವರು ಪ್ರತಿ ಸಲವೂ ಸೇರಿಸಿ ಇಡುತ್ತಿದ್ದರು. ಅವನ ಈ ಕಲೆಗಾಗಿಯೇ ಊರು ಅವನನ್ನು ಉಪ್ಪಿನಕಟ್ಟೆಯ ಯಜಮಾನನನ್ನಾಗಿ ಮಾಡಿತ್ತು.

ಆ ವರ್ಷ ರಾಜಧಾನಿಯಿಂದ ಕುದುರೆಯವನು ಬಂದಿದ್ದ. ಚಿನ್ನ ಎಲ್ಲಿ ಬೆಳೆಯುತ್ತದೆ ಎಂದು ರಾಜನಿಗೆ ತಿಳಿಯಬೇಕಂತೆ. ನಮಗೆ ಗೊತ್ತಿದ್ದದ್ದು ಇಷ್ಟೇ: ಮಳೆ ಬಿದ್ದ ಮೇಲೆ ಅಲ್ಲಿ ಚಿನ್ನ ನೆಲದೊಳಗೆ ಗೆಣಸಿನ ಹಾಗೆ ಬಲಿಯುತ್ತದೆ, ಹೊತ್ತು ಹುಟ್ಟುವ ಮೊದಲು ಕಿತ್ತರೆ ಕೈಗೆ ಬರುತ್ತದೆ. ಕುದುರೆಯವನು ಇದನ್ನು ಕೇಳಿ ನಗಲಿಲ್ಲ. ಬೇಸಿಗೆಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಜಾಗ ಗೊತ್ತುಮಾಡದಿದ್ದರೆ ಕಟ್ಟೆಗೆ ಬೇರೆ ಯಜಮಾನ ಬರುತ್ತಾನೆ ಎಂದು ದೆಂಬಾನಿಗೆ ಹೇಳಿ ಹೋದ. ಅದಕ್ಕೆ ದೆಂಬಾ ಹೂಡಿದ ಉಪಾಯ ಇದು. ಉಪ್ಪು ಸುತ್ತುವ ಚಾಪೆಗಳ ಕೆಳಗೆ ಮೂವರು ಅಡಗಿ ಕೂತು, ಕೊನೆಯ ದೋಣಿಗೆ ಹಿಂದುಳಿದವಳನ್ನು ಹಿಡಿದಿದ್ದರು. ಅವಳು ಕೂಗಿರಬೇಕು. ಆ ದಂಡೆಯಲ್ಲಿ ಯಾರಿಗೆ ಕೇಳಿಸೀತು? ಬೇಲಿ ದಾಟಿದ ಮೇಲೆ ನಮ್ಮವರು ತಮ್ಮತಮ್ಮಲ್ಲಿ ಮಾತಾಡತೊಡಗಿದಾಗ ಅವಳು ಒದ್ದಾಡುವುದನ್ನು ಬಿಟ್ಟು, ಅವರ ಬಾಯನ್ನೇ ನೋಡುತ್ತ ನಿಂತುಬಿಟ್ಟಳಂತೆ. ಹೆದರಿ ಶರಣಾದಳು ಎಂದುಕೊಂಡರು ಇವರು.

ಮರುದಿನ ದೆಂಬಾ ನನ್ನ ಅಂಗಳದ ಮರಳನ್ನು ಹಸನು ಮಾಡಿ, ಬೆರಳಿಂದ ಹೊಳೆ ಬರೆದ. ನಮ್ಮೂರಿಗೆ ಒಂದು ಕಲ್ಲಿಟ್ಟ. ಆಮೇಲೆ ಅವಳ ಕೈಗೆ ಕಡ್ಡಿ ಕೊಟ್ಟು, ಚಿನ್ನದ ಕೊಳವೆ ತೋರಿಸಿ, ಹೊಳೆಯಾಚೆ ಎಲ್ಲಿ ಎಂದು ಸನ್ನೆ ಮಾಡಿದ. ಮೂಕಿ ಬಾಯಿಂದ ಹೇಳಲಾರಳು, ಬರೆದು ತೋರಿಸಿಯಾಳು ಎಂಬುದು ಅವನ ಲೆಕ್ಕ. ಅವಳು ಕಡ್ಡಿಯನ್ನು ನೋಡಿದಳು, ಹೊಳೆಯನ್ನು ನೋಡಿದಳು, ಕಡ್ಡಿಯನ್ನು ಕೆಳಗಿಟ್ಟಳು. ದಿನಾ ಬೆಳಗ್ಗೆ ಇದೇ ಆಯಿತು.

ಊರಿಗೆ ಅದೊಂದು ನೋಟ. ಕೆಲಸ ಮುಗಿಸಿ ಎಲ್ಲರೂ ಮೂಕಿಯನ್ನು ನೋಡಲು ಬಂದು ಕೂಡುತ್ತಿದ್ದರು. ಅವಳೆದುರಿಗೇ ಅವಳ ಮೂಗು, ಅವಳ ಜಡೆ, ಅವಳು ಗಂಜಿ ಕುಡಿಯುವ ರೀತಿ ಎಲ್ಲವನ್ನೂ ಆಡಿಕೊಂಡರು. ಒಬ್ಬ ಅವಳ ನಡಿಗೆ ನಡೆದು ತೋರಿಸಿದ. ದೆಂಬಾ ತಾನು ಕಣ್ಣೊರೆಸಿಕೊಳ್ಳುವ ಆಟವನ್ನು ಆಡಿ ತೋರಿಸಿ, ಈ ದಡ್ಡರು ಪ್ರತಿ ಸಲ ಹೇಗೆ ಮೋಸಹೋಗುತ್ತಾರೆ ಎಂದು ವರ್ಣಿಸಿದ. ಊರಿಗೆ ಹಿರಿಯನಾದ ಫೋದೆ ಕಾಕಾ ಗೋಡೆಗೆ ಒರಗಿ ಕೂತಿದ್ದ.

"ಒಳ್ಳೇ ಮಂದಿ ಇವರು," ಎಂದ ಅವನು. "ದೇವರು ಇವರಿಗೆ ಬಾಯಿ ಕೊಡಲಿಲ್ಲ, ನಮಗ ಅನ್ನ ಕೊಟ್ಟ."

ಅಂಗಳವೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿ ಕೂತಿದ್ದಳು. ಅವಳ ಕಿವಿಯ ತುದಿ ಕಪ್ಪಾದದ್ದನ್ನು ನಾನು ಕಂಡೆ, ಬಿಸಿಲಿಗೆ ಇರಬೇಕು ಎಂದುಕೊಂಡೆ.

ಅವಳ ಎದೆಯ ಮೇಲಿನ ಬಟ್ಟೆ ಒದ್ದೆಯಾಗಿರುವುದನ್ನು ಕಂಡದ್ದು ಅದರ ಮರುದಿನ. ನೀರು ಚೆಲ್ಲಿಕೊಂಡಿದ್ದಾಳೆ ಎಂದು ಒಣಬಟ್ಟೆ ಕೊಡಲು ಹತ್ತಿರ ಹೋದೆ. ನೀರಿನ ವಾಸನೆಯಲ್ಲ. ನಾನೂ ಹೆತ್ತವಳು. ಓಡುತ್ತಲೇ ಕಟ್ಟೆಗೆ ಹೋಗಿ ದೆಂಬಾನನ್ನು ಪಕ್ಕಕ್ಕೆ ಕರೆದು ಹೇಳಿದೆ: ಇವಳಿಗೆ ಎಳೆಕೂಸಿದೆ, ಮೊಲೆ ಕಲ್ಲಾಗಿದೆ, ಇನ್ನು ಸ್ವಲ್ಪ ದಿನ ಕಳೆದರೆ ಹಾಲು ಬತ್ತಿಹೋಗುತ್ತದೆ, ಇವತ್ತೇ ಬಿಟ್ಟುಬಿಡು. ಅವನು ಉಪ್ಪಿನ ಹಲಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. "ಒಂದು ಗೆರಿ ಎಳೀಲಿ ಅಕ್ಕಾ. ಒಂದ ಗೆರಿ. ಅವತ್ತ ಬಿಡತೀನಿ," ಎಂದ.

ಮನೆಗೆ ಬಂದು ಬಿಸಿನೀರಲ್ಲಿ ಬಟ್ಟೆ ಅದ್ದಿ ಅವಳ ಎದೆಗೆ ಒತ್ತಿದೆ. ಹಿಂಡಿ ಹಿಂಡಿ ಹಾಲು ತೆಗೆದು ಬೂದಿಗೆ ಚೆಲ್ಲಿದೆ. ಹಿಂಡದಿದ್ದರೆ ಬೇಗ ಬತ್ತುತ್ತದೆ. ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು. ನನಗೆ ಸುಮ್ಮನಿರಲಾಗಲಿಲ್ಲ. ಎರಡೂ ತೋಳು ಮಡಚಿ ತೂಗಿ, ಗಂಡೋ ಹೆಣ್ಣೋ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ನನ್ನ ಕೈಗಳನ್ನೇ ಬಹಳ ಹೊತ್ತು ನೋಡಿದಳು.

"ಹೆಣ್ಣುಕೂಸು," ಎಂದಳು. "ಇನ್ನ ಹಲ್ಲು ಬಂದಿಲ್ಲ."

ಬಿಸಿನೀರಿನ ಸೋರೆಬುರುಡೆ ನನ್ನ ಕೈಯಿಂದ ಜಾರಿತು. ನಮ್ಮದೇ ಮಾತು. ನಮ್ಮ ಅಜ್ಜಿಯರ ಕಾಲದ ನಿಧಾನ ಅದರಲ್ಲಿತ್ತು, ಆದರೆ ನಮ್ಮದೇ. ಒಂದೊಂದು ಶಬ್ದವೂ ತಿಳಿಯಿತು. ಅಂದಮೇಲೆ ಇಷ್ಟು ದಿನ ಈ ಅಂಗಳದಲ್ಲಿ ಆಡಿದ ಒಂದೊಂದು ಶಬ್ದವೂ ಅವಳಿಗೆ ತಿಳಿದಿತ್ತು. ತನ್ನ ಹೆಸರನ್ನು ಅವಳೇ ಹೇಳಿದಳು, ನಿಯೆಲೆ ಅಂತ.

ಯಾಕವ್ವಾ ಸುಮ್ಮನಿದ್ದೆ, ಒಂದು ಮಾತಾಡಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಮೊದಲು ಹೆದರಿಕೆಯಾಯಿತು, ಆಮೇಲೆ ನಾಚಿಕೆಯಾಯಿತು ಎಂದಳು. ಅವಳಿಗೆ ಏಕೆ ನಾಚಿಕೆ ಎಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ದೆಂಬಾ ಬಾಗಿಲಲ್ಲಿ ನಿಂತಿದ್ದ, ಹಿಂದೆ ಫೋದೆ ಕಾಕಾ. ಅಂಗಳಕ್ಕೆ ಬಂದಿದ್ದವರು ಬುರುಡೆ ಬಿದ್ದ ಸದ್ದಿಗೆ ಬಾಗಿಲಿಗೆ ಬಂದಿದ್ದರು. ಅವಳು ಅವರನ್ನು ನೋಡಿ ಸೆರಗು ಸರಿಮಾಡಿಕೊಂಡು, ಹಿರಿಯರ ಮುಂದೆ ಮಾತಾಡುವ ಹಾಗೆಯೇ ತಗ್ಗಿದ ದನಿಯಲ್ಲಿ ಹೇಳಿದಳು.

"ನಮ್ಮ ಕಡೆ ನಿಮಗ ಮೂಕರು ಅಂತಾರ. ಆ ದಂಡಿಗೆ ನಿಮ್ಮ ಮೂಕತನ ಹತ್ತೇತಿ ಅಂತ ನಾವೂ ಮನಿಗಿ ಹೋಗಿ ಕಾಲು ತೊಳಕೋತೀವಿ. ಮರಳಿನ ಮಂದಿ, ಉಪ್ಪು ಬಿಟ್ಟರ ತಿನ್ನಾಕ ಏನೂ ಇಲ್ಲ, ಬಾಯಿ ಬಿಟ್ಟು ಬೇಡಾಕೂ ಆಗೂದಿಲ್ಲ ಅಂತ ನಮ್ಮ ಹಿರೇರು ಮರಗತಾರ. ಮಣ್ಣು ತೊಳಿಯೋವಾಗ ದಿನದ ಕಡೀ ಮರಿಗ್ಯಾಗ ಬಂದ ಚಿನ್ನ ಮೂಕರ ಪಾಲು. ಅದನ್ನ ಯಾರೂ ಮುಟ್ಟೂದಿಲ್ಲ. ನೀವು ಚಿನ್ನ ಎತ್ತಲಾರದ ಹೊಳ್ಳಿ ಹೋದಾಗ, ಪಾಪ, ಇವತ್ತ ಹಸದಾರ ಅಂತ ಅದರಾಗಿಂದ ತಂದು ಇಡತೀವಿ."

ಆಮೇಲೆ ದೆಂಬಾನ ಕಡೆ ನೋಡಿದಳು. "ಒಬ್ಬಾವ ಅಳತಾನ ಅಂತ ನಮ್ಮವ್ವ ಹೇಳತಿದ್ದಳು. ಅವನ ಸಲುವಾಗಿ ಆಕಿ ತನ್ನ ಪಾಲಿಂದನೂ ಹಾಕತಿದ್ದಳು."

ದೆಂಬಾ ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಚಿನ್ನದ ಜಾಗವನ್ನೂ ಅವಳೇ ಹೇಳಿದಳು, ಯಾರೂ ಕೇಳದೆ. ಅದು ಗೆಣಸಲ್ಲ. ಬಾವಿಯಷ್ಟು ಆಳದ ಕಿರಿದಾದ ಗುಂಡಿಗಳು. ಗಂಡಸರು ಇಳಿದು ಮಣ್ಣು ಕೆರೆದು ಬುಟ್ಟಿಗೆ ತುಂಬುತ್ತಾರೆ, ಹೆಂಗಸರು ಮೇಲೆಳೆದು ಮರಿಗೆಯಲ್ಲಿ ತೊಳೆಯುತ್ತಾರೆ. ಮಳೆಗಾಲದಲ್ಲಿ ಗುಂಡಿ ಕುಸಿಯುತ್ತದೆ. ಅವಳ ಕೂಸಿನ ತಂದೆ ಅಂಥ ಒಂದು ಗುಂಡಿಯಲ್ಲೇ ಇದ್ದಾನೆ, ಮೇಲೆ ತೆಗೆಯಲಾಗಲಿಲ್ಲ. ಆ ಗುಂಡಿಯ ಮಣ್ಣಿನಲ್ಲೂ ಮೂಕರ ಪಾಲು ತೆಗೆದಿಟ್ಟಿದ್ದರಂತೆ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ನನ್ನ ಅಂಗಳಕ್ಕೆ ಜನ ಬರುವುದು ನಿಂತುಹೋಯಿತು. ಅವಳ ಜಡೆಯನ್ನು ಆಡಿಕೊಂಡಿದ್ದ ಹೆಂಗಸರು ನಮ್ಮ ಬಾಗಿಲ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋದರು. ನಡಿಗೆ ನಡೆದು ತೋರಿಸಿದವನು ಬಾವಿಗೆ ಸುತ್ತುದಾರಿ ಹಿಡಿದ. ಮನೆಯಲ್ಲಿದ್ದ ಚಿನ್ನದ ಕಿವಿಯೋಲೆಗಳನ್ನು ಎಷ್ಟೋ ಜನ ಬಿಚ್ಚಿಟ್ಟರು. ನನ್ನ ಕಿವಿಯಲ್ಲೂ ಇದ್ದವು, ಮಗಳ ಮದುವೆಗೆ ಮಾಡಿಸಿದ್ದು. ತೆಗೆಯಲು ಹೋದೆ, ಹಳೆಯ ಕೊಂಡಿ ಬಿಚ್ಚಲಿಲ್ಲ.

ಮಾರನೆಯ ಬೆಳಗ್ಗೆ ಹಿರಿಯರು ಸೇರಿದರು. ಅವಳನ್ನು ಬಿಟ್ಟುಬಿಡೋಣ, ಕ್ಷಮೆ ಕೇಳೋಣ, ಉಪ್ಪು ಕೊಟ್ಟು ಕಳಿಸೋಣ ಎಂದು ಮಾತಾಡುತ್ತಾರೆ ಎಂದು ನಾನು ಕಾದಿದ್ದೆ. ಉಪ್ಪಿನ ಮಾತೂ ಬಂತು. ಆದರೆ ಫೋದೆ ಕಾಕಾ ಗಂಟಲು ಸರಿಮಾಡಿಕೊಂಡು ಬೇರೆ ಒಂದು ಮಾತು ತೆಗೆದ. ಇವಳು ಹೋಗಿ ನಾವು ಮಾತಾಡುವ ಮಂದಿ ಎಂದು ಹೇಳಿದರೆ ಮೂಕರ ಪಾಲು ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಕೊಟ್ಟದ್ದಕ್ಕೆ ಅವರು ಏನೆಂದಾರು? ಉಪ್ಪಿನ ಬೆಲೆಯೊಂದರಿಂದ ಈ ಊರು ಬದುಕೀತೇ? ಒಬ್ಬರೂ ಅವನ ಬಾಯಿ ಮುಚ್ಚಿಸಲಿಲ್ಲ. ಕಳಿಸುವುದೇ ಬೇಡ ಎಂದೂ ಒಬ್ಬ ಮೂಲೆಯಿಂದ ಅಂದ. ಕೊನೆಗೆ ಅವಳಿಂದ ಆಣೆ ಮಾಡಿಸಿಕೊಂಡು ಕಳಿಸುವುದೆಂದಾಯಿತು. ಹಿಡಿದು ತಂದವನೇ ಕೇಳಬೇಕೆಂದು ದೆಂಬಾನನ್ನು ಮುಂದೆ ತಳ್ಳಿದರು.

ಅವನು ಅವಳ ಎದುರಿಗೆ ನಿಂತು ನೆಲ ನೋಡುತ್ತ ಕೇಳಿದ. ನಾವು ಮೂಕರೆಂದೇ ಅಲ್ಲಿ ಹೇಳಬೇಕು, ಕೂಸಿನ ಮೇಲೆ ಆಣೆ ಮಾಡಬೇಕು. ನನ್ನ ಒಡಹುಟ್ಟಿದವನ ಬಾಯಿಂದ ಆ ಮಾತು ಬರುವುದನ್ನು ಕೇಳುತ್ತ, ನೆಲ ಬಾಯ್ತೆರೆದು ನನ್ನನ್ನು ನುಂಗಬಾರದೇ ಎನಿಸಿತು.

ನಿಯೆಲೆ ಅಂಗಳದಲ್ಲಿದ್ದ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಸಿಟ್ಟು ಇರಲಿಲ್ಲ. ರೋಗಿಯ ಹಾಸಿಗೆಯ ಪಕ್ಕ ಕೂತವರ ಮುಖದಲ್ಲಿರುತ್ತದಲ್ಲ, ಅದಿತ್ತು.

"ಆಣಿ ಮಾಡತೀನಿ," ಎಂದಳು. "ದಾರಿ ತಪ್ಪಿತ್ತು, ಮೂಕರು ನನಗ ಗಂಜಿ ಹಾಕಿ ಉಳಿಸಿದ್ರು ಅಂತ ಹೇಳತೀನಿ. ಮೊದಲಕಿಂತ ಹೆಚ್ಚು ಇಡತಾರ. ಈಗರೆ ಬಿಡ್ರಿ ನನ್ನ."

ಅವತ್ತೇ ಬಿಟ್ಟರು. ಹೊರಡುವ ಮುಂಚೆ ಒಳಗೆ ಕರೆದುಕೊಂಡು ಹೋಗಿ ನಾನು ಅವಳ ಎದೆ ಒತ್ತಿ ನೋಡಿದೆ. ಒಂದು ಕಡೆ ಬತ್ತಿತ್ತು. ಇನ್ನೊಂದು ಕಡೆ, ಬಹಳ ಹೊತ್ತು ಒತ್ತಿದ ಮೇಲೆ, ಒಂದು ಹನಿ ಬಂತು. ಇಬ್ಬರೂ ಅದನ್ನೇ ನೋಡಿದೆವು. ಕೂಸು ಚೀಪಿದರೆ ತಿರುಗಿ ಬರುತ್ತದೆ, ದಿನಾ ಚೀಪಿಸು ಎಂದು ಹೇಳಿದೆ. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ, ನನ್ನ ಕಾಲಿಗೆ ಆ ಯೋಗ್ಯತೆ ಇರಲಿಲ್ಲ.

ಕುದುರೆಯವನು ಬಂದಾಗ ದೆಂಬಾ, ಅವರು ಮೂಕರು, ಏನೂ ಹೇಳಲಿಲ್ಲ ಎಂದಷ್ಟೇ ಹೇಳಿದ. ಕಟ್ಟೆ ಫೋದೆ ಕಾಕಾನ ಅಳಿಯನಿಗೆ ಹೋಯಿತು. ದೆಂಬಾ ಅದಕ್ಕೆ ಮರುಗಲಿಲ್ಲ. ನನ್ನ ಮನೆಯ ಮೂಲೆಯಲ್ಲಿ ಕೂತು ಒಂಟೆಯವರ ಹಗ್ಗ ಹೊಸೆಯುತ್ತಿದ್ದ.

ಮುಂದಿನ ವ್ಯಾಪಾರದ ದಿನ ಹೊಗೆ ಎದ್ದಿತು, ದೋಣಿಗಳು ಬಂದು ಹೋದವು. ನಾವು ಬೇಲಿಯಿಂದ ನೋಡಿದೆವು. ಹಲಗೆಗಳ ಪಕ್ಕ ಹಿಂದೆಂದೂ ಕಾಣದಷ್ಟು ಚಿನ್ನ. ಅದರ ಜೊತೆಗೆ ಮರದ ಬೀಜದಿಂದ ತೆಗೆದು ಎಲೆಯಲ್ಲಿ ಸುತ್ತಿದ ಬೆಣ್ಣೆ, ಒಣಗಿಸಿದ ಮೀನು, ಒಂದು ಹೊಸ ಮರಿಗೆಯ ತುಂಬ ಅಕ್ಕಿ. ತಮ್ಮವಳನ್ನು ಉಳಿಸಿದ ಮೂಕರಿಗೆ ಕೊಟ್ಟದ್ದು. ಬೇಲಿಯ ಹತ್ತಿರ ಯಾರೂ ಕದಲಲಿಲ್ಲ. ಬಿಸಿಲೇರಿತು. ಆಮೇಲೆ ಫೋದೆ ಕಾಕಾ, ಕೊಟ್ಟದ್ದನ್ನು ಒಲ್ಲೆ ಎಂದರೆ ಕೊಟ್ಟವರಿಗೆ ಅವಮಾನ ಮಾಡಿದ ಹಾಗೆ ಎಂದು ಯಾರಿಗೋ ಹೇಳುವವನಂತೆ ಹೇಳಿ, ಬೇಲಿ ದಾಟಿದ. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕಾಯಿಸದೆ ಮೊದಲ ಸಲವೇ ಎತ್ತಿಕೊಂಡರು. ನಮ್ಮೂರು ಪಟ್ಟ ಪಶ್ಚಾತ್ತಾಪ ಅಷ್ಟೇ. ಆ ಅಕ್ಕಿಯಲ್ಲಿ ನನ್ನ ಪಾಲೂ ಬಂತು. ದೆಂಬಾ ಅದನ್ನು ಮುಟ್ಟಲಿಲ್ಲ. ನಾನು ಬೇಯಿಸಿ ಒಂಟೆಯವರಿಗೆ ಬಡಿಸಿದೆ.

ಅದರ ಮುಂದಿನ ವ್ಯಾಪಾರದ ಹಿಂದಿನ ಸಂಜೆ ದೆಂಬಾ ಹಗ್ಗ ಕೆಳಗಿಟ್ಟು ನನ್ನ ಹತ್ತಿರ ಬಂದು ಕೂತ.

"ಅಕ್ಕಾ, ಆಕಿ ನಮ್ಮ ಸಲುವಾಗಿ ದಿನಾ ಸುಳ್ಳು ಹೇಳಬೇಕು, ತನ್ನ ಮಂದಿಗೇ. ಕೂಸಿನ ಮ್ಯಾಲಿನ ಆಣಿ. ನಾ ಹೋಗಿ ಅದನ್ನ ಆಕಿ ತಲಿ ಮ್ಯಾಲಿಂದ ಇಳಿಸಬೇಕು."

ಹೊಡೆದಾರು ಎಂದೆ. ಹೊಡೆದರೆ ಹೊಡೆಯಲಿ ಎಂದ. ಊರು ನಿನ್ನನ್ನು ಬಿಟ್ಟೀತೇ ಎಂದೆ. ಅವನು ಹೊಸೆದ ಹಗ್ಗವನ್ನು ಸುತ್ತಿಟ್ಟ. ನಾನು ತಡೆಯಲಿಲ್ಲ. ಬುತ್ತಿ ಕಟ್ಟಿದೆ.

ಮರುದಿನ ಆಚೆಯವರು ಚಿನ್ನವಿಟ್ಟು ದೋಣಿ ಹತ್ತುವ ಹೊತ್ತಿಗೆ ದೆಂಬಾ ಬೇಲಿ ದಾಟಿ ಓಡಿದ. ನೀರಿನ ಅಂಚಿಗೆ ಹೋಗಿ ನಿಂತು, ಎರಡೂ ಕೈ ಎತ್ತಿ, ಬಾಯಿ ತೆರೆದು ಕೂಗಿದ. ನಾವು ಮಾತಾಡುವವರು, ನಿಮಗೆ ಮೋಸ ಮಾಡಿದವರು ಎಂದೇ ಕೂಗಿರಬೇಕು. ಅವನ ಕತ್ತಿನ ನರ ಉಬ್ಬಿದ್ದು ನನಗೆ ಬೇಲಿಯಿಂದ ಕಾಣಿಸಿತು. ದನಿಯಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಈ ಸಲ ಅವನು ಅದನ್ನು ಒರೆಸಿಕೊಳ್ಳಲಿಲ್ಲ. ದೋಣಿಯಲ್ಲಿದ್ದ ಮುದುಕನೊಬ್ಬ ಅವನನ್ನು ನೋಡಿ, ಸೊಂಟದಿಂದ ಚಿನ್ನದ ಕೊಳವೆ ಬಿಚ್ಚಿ, ಇಳಿದು ಬಂದು ಅವನ ಕಾಲ ಬಳಿ ಇಟ್ಟ. ಇನ್ನೊಬ್ಬಳು ತನ್ನದನ್ನೂ ತಂದಿಟ್ಟಳು. ದೆಂಬಾ ತಲೆ ಅಲ್ಲಾಡಿಸಿದ. ಮತ್ತೆ ಕೂಗಿದ. ಅವರು ಮತ್ತೆ ಇಟ್ಟರು.

ಆಗ ಅವನು ಎಲ್ಲವನ್ನೂ ಬಿಟ್ಟು ನೀರಿಗಿಳಿದು ದೋಣಿಯ ಅಂಚು ಹಿಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸರಿದು ಜಾಗ ಮಾಡಿ, ತೋಳು ಹಿಡಿದು ಮೇಲೆಳೆದುಕೊಂಡರು.

ಅಷ್ಟು ಹೊತ್ತಿಗೆ ನಮ್ಮವರಿಗೆ ಅವನು ಏನು ಮಾಡಹೊರಟಿದ್ದಾನೆ ಎಂದು ಹೊಳೆಯಿತು. ಫೋದೆ ಕಾಕಾ, ಅವನ ಅಳಿಯ, ಗಂಡಸರು, ಹೆಂಗಸರು, ಎಲ್ಲರೂ ಬೇಲಿ ಮುರಿದುಕೊಂಡು ದಂಡೆಗೆ ನುಗ್ಗಿದರು. ಬಾ, ತಿರುಗಿ ಬಾ, ಹೇಳಬೇಡ ಎಂದು ಊರಿಗೆ ಊರೇ ಕೂಗಿತು. ಒಂದು ಪಿಸುಮಾತಿನಷ್ಟೂ ಸದ್ದಾಗಲಿಲ್ಲ. ನಡುಹೊಳೆ ಸೇರಿದ ದೋಣಿಯಿಂದ ಆ ಮಂದಿ ತಿರುಗಿ ನೋಡಿದರು: ಮರಳಿನುದ್ದಕ್ಕೂ ನಿಂತ ಒಂದು ಊರು, ಎಲ್ಲರ ಬಾಯೂ ತೆರೆದಿದೆ. ಅವರಲ್ಲೊಬ್ಬ ಮುಖಕ್ಕೆ ಬಟ್ಟೆ ಒತ್ತಿಕೊಂಡ. ನನ್ನ ತಮ್ಮ ಅವರ ನಡುವೆ ನಮಗೆ ಬೆನ್ನು ಮಾಡಿ ಕೂತಿದ್ದ. ನಡುಹೊಳೆ ದಾಟಿದ ಮೇಲೆ ಅವನ ತಲೆ ಆಡುವುದು ಕಂಡಿತು, ಮಾತಾಡುವವರ ತಲೆ ಆಡುವ ಹಾಗೆ. ದೋಣಿಯ ಹುಟ್ಟುಗಳೆಲ್ಲ ಒಮ್ಮೆಗೇ ನಿಂತವು. ಬಹಳ ಹೊತ್ತು ನಿಂತು, ಮತ್ತೆ ಆಚೆಗೇ ಹೊರಟವು.